ಸಾಕಪ್ಪನಿಲ್ಲದ ಸಾಕಪ್ಪನ ದಿಣ್ಣೆ

ಜಾಲಿಹಟ್ಟಿಯಿಂದ ನೆರಳಕುಂಟೆಗೆ ಹೋಗುವ ದಾರಿಯಲ್ಲಿ, ಎರಡೂ ಊರುಗಳಿಗೆ ಸರಿಸುಮಾರು ನಡುವೆ, ಎಡಗಡೆಗೆ ಒಂದು ಕೆಮ್ಮಣ್ಣಿನ ದಿಣ್ಣೆ ಇದೆ. ಅಂಥ ಎತ್ತರವೇನಿಲ್ಲ. ಬಸ್ಸಿನಲ್ಲಿ ತೂಕಡಿಸುತ್ತ ಕುಳಿತವರಿಗೆ ಅದನ್ನು ದಾಟಿದ್ದು ಗೊತ್ತೇ ಆಗುವುದಿಲ್ಲ. ದಿಣ್ಣೆಯ ಒಂದು ಮಗ್ಗುಲಿಗೆ ನಾಲ್ಕು ಕಲ್ಲುಕಂಬಗಳ ಮೇಲೆ ಚಪ್ಪಡಿ ಹೊದಿಸಿದ ಗುಡಿ, ಗೋಡೆಯಿಲ್ಲ, ಬಾಗಿಲಿಲ್ಲ. ಒಳಗೆ ದೇವರೆಂದು ಇರುವುದು ಮೊಣಕಾಲೆತ್ತರದ ಒಂದು ಗುಂಡುಕಲ್ಲು. ಯಾರೋ ಹರಕೆ ಹೊತ್ತವರು ಅದಕ್ಕೆ ಬೆಳ್ಳಿಯ ಕಣ್ಣು ಅಂಟಿಸಿದ್ದರು. ಒಂದೇ ಬೇಸಿಗೆಗೆ ಅಂಟು ಬಿಟ್ಟು ಬಿದ್ದುಹೋದವು. ಗುಡಿಯ ಮುಂದಿನ ಬಯಲಿನಲ್ಲಿ ಸುಣ್ಣದ ಗೆರೆಗಳಿವೆ. ರಸ್ತೆಬದಿಗೆ ಪಂಚಾಯ್ತಿಯವರು ಹಾಕಿಸಿದ ಹಳದಿ ಬೋರ್ಡಿನಲ್ಲಿ ‘ಶ್ರೀ ಸಾಕಪ್ಪಸ್ವಾಮಿ ಕ್ಷೇತ್ರ, ಕಬಡ್ಡಿಯ ತವರು’ ಎಂದು ಬರೆದಿದೆ. ಇಲ್ಲಿಗೆ ಬರುವ ಭಕ್ತರಲ್ಲಿ ಎರಡು ಬಗೆ. ಪಂದ್ಯಕ್ಕೆ ಹೊರಟ ಹುಡುಗರು ಟೆಂಪೋ ನಿಲ್ಲಿಸಿ ತೆಂಗಿನಕಾಯಿ ಒಡೆದು ಹೋಗುತ್ತಾರೆ. ಮೈ ಹಿಡಿಯದ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಬರುತ್ತಾರೆ. ಸಾಕಪ್ಪನೆಂದರೆ ಸಾಕುವ ಅಪ್ಪ, ಅವನ ಮುಂದೆ ಮಲಗಿಸಿದ ಕೂಸು ಬದುಕುತ್ತದೆ ಎಂಬುದು ಅವರ ನಂಬಿಕೆ.

ನಾನು ಈ ಸೀಮೆಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಸಾಕಪ್ಪ ಯಾರು ಎಂದು ಕೇಳಿಕೊಂಡು ಬಂದವರನ್ನೆಲ್ಲ ಊರಿನವರು ನನ್ನ ಮನೆಗೇ ಅಟ್ಟುತ್ತಾರೆ. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಸಾಕಪ್ಪ ಎಂಬ ಹೆಸರಿನ ಮನುಷ್ಯ ಇಲ್ಲಿ ಯಾವ ಕಾಲದಲ್ಲೂ ಇರಲಿಲ್ಲ ಎಂದರೆ ಆಟದ ಹುಡುಗರ ಮುಖ ಸಪ್ಪಗಾಗುತ್ತದೆ, ತಾಯಂದಿರಿಗೆ ಸಿಟ್ಟು ಬರುತ್ತದೆ, ಪಂಚಾಯ್ತಿಯವರಿಗೆ ತಮ್ಮ ಬೋರ್ಡಿನ ಚಿಂತೆ ಹತ್ತುತ್ತದೆ. ಕಬಡ್ಡಿ ಹುಟ್ಟಿದ್ದು ನಮ್ಮಲ್ಲೇ ಎನ್ನುವ ಊರುಗಳು ಬೇಕಾದಷ್ಟಿವೆ. ಅವರ ಜೊತೆ ಜಗಳ ಕಾಯುವ ಚೈತನ್ಯ ನನಗಿಲ್ಲ. ಇಲ್ಲಿ ಹುಟ್ಟಿದ ಆಟಕ್ಕೂ ಟಿವಿಯಲ್ಲಿ ಬಣ್ಣದ ಚಡ್ಡಿ ಹಾಕಿಕೊಂಡು ಆಡುವ ಆಟಕ್ಕೂ ಏನು ನೆಂಟಸ್ತಿಕೆಯೋ ನಾನರಿಯೆ. ಎರಡೂ ಊರಿನ ಹಿರಿಯರು ಏನು ಹೇಳುತ್ತ ಬಂದಿದ್ದಾರೋ ಅಷ್ಟನ್ನು ಇಲ್ಲಿ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರ ಕೈಗೆ ಇದನ್ನು ಕೊಟ್ಟು ಕಳಿಸಿದರೆ ನಾನು ಮಧ್ಯಾಹ್ನ ಒಂದಿಷ್ಟು ಹೊತ್ತು ಮಲಗಬಹುದು.

ಹಿಂದೆ ಒಮ್ಮೆ, ಪಾಳೇಗಾರರ ಕಾಲದಲ್ಲಿ ಎನ್ನುತ್ತಾರೆ, ಈ ದಿಣ್ಣೆಯ ಸುತ್ತಮುತ್ತ ಎಲ್ಲ ಹುಲ್ಲುಗಾವಲೇ ಇತ್ತು. ಎರಡೂ ಊರಿನವರು ಕುರಿ ಸಾಕುವವರು. ಗಾವಲು ನಮ್ಮದೆಂದು ಇವರು, ತಮ್ಮದೆಂದು ಅವರು. ತೀರ್ಮಾನಕ್ಕೆ ಅವರು ಆರಿಸಿಕೊಂಡಿದ್ದ ದಿನ ಯುಗಾದಿಯ ಮಾರನೆಯ ದಿನ, ವರ್ಷತೊಡಕು. ಅವತ್ತು ಏನು ಮಾಡಿದರೂ ಅದು ವರ್ಷವಿಡೀ ಬಿಡದೆ ತೊಡಕಿಕೊಳ್ಳುತ್ತದೆ ಎಂದು ನಮ್ಮ ಕಡೆ ಇಂದಿಗೂ ನಂಬುತ್ತಾರೆ. ಅವತ್ತು ಅತ್ತರೆ ವರ್ಷವೆಲ್ಲ ಅಳು, ಅವತ್ತು ಬೈಸಿಕೊಂಡರೆ ವರ್ಷವೆಲ್ಲ ಬೈಗುಳ. ಹಾಗಾಗಿ ಅವತ್ತು ಗಾವಲನ್ನು ಗೆದ್ದವರಿಗೆ ವರ್ಷವೆಲ್ಲ ಹುಲ್ಲು. ಎರಡೂ ಊರಿನ ಗಂಡಸರು ಕೋಲು ಹಿಡಿದು ದಿಣ್ಣೆ ಹತ್ತುತ್ತಿದ್ದರು. ಹೊತ್ತು ಮುಳುಗುವಾಗ ಯಾರು ಮೇಲೆ ನಿಂತಿರುತ್ತಾರೋ ಅವರದು ಗೆಲುವು. ಪ್ರತಿ ವರ್ಷ ಒಬ್ಬಿಬ್ಬರ ತಲೆ ಒಡೆಯುತ್ತಿತ್ತು. ಹಬ್ಬದ ಮಾರನೆಯ ದಿನ ಹೆಣ ಹೊರುವುದು ಆ ಊರುಗಳಿಗೆ ಅಭ್ಯಾಸವಾಗಿಹೋಗಿತ್ತು.

ಜಾಲಿಹಟ್ಟಿಯಲ್ಲಿ ಚಿತ್ತಯ್ಯನೆಂಬ ಕುರಿಗಾರನಿದ್ದ. ಅವನ ತಂದೆತಾಯಿ ಸಿಡುಬಿನಲ್ಲಿ ಹೋದಾಗ ತಮ್ಮ ಓಬಳ ಇನ್ನೂ ಮೊಲೆ ಬಿಡದ ಕೂಸು. ಚಿತ್ತಯ್ಯ ಅವನನ್ನು ಕಂಬಳಿಯ ಕೊಪ್ಪೆಯೊಳಗೆ ಹೊತ್ತುಕೊಂಡು ಕುರಿ ಕಾದ, ಹಾಲುಕುರಿಯ ಕೆಳಗೆ ಮಲಗಿಸಿ ಕುಡಿಸಿದ. ತಮ್ಮ ಒಂದು ನೆಲೆಗೆ ಬರಲಿ ಎಂದು ತನ್ನ ಮದುವೆಯನ್ನೂ ಮುಂದಕ್ಕೆ ಹಾಕಿದ. ಓಬಳ ಮೀಸೆ ಬಂದ ವರ್ಷವೇ ಕೋಲು ಹಿಡಿದು ದಿಣ್ಣೆಗೆ ಹೊರಟಾಗ ಅಣ್ಣನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ, ಊರಿಗೆ ಊರೇ ಹೊರಟಿತ್ತು. ಮಧ್ಯಾಹ್ನದ ಹೊತ್ತಿಗೆ ಓಬಳನ ನೆತ್ತಿಗೆ ಪೆಟ್ಟು ಬಿತ್ತು. ಚಿತ್ತಯ್ಯ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು “ಏಳ್ಲಾ ಓಬಳಾ, ಏಳೋ, ಏಳು” ಎಂದು ಕರೆಯತೊಡಗಿದವನು ಹೊತ್ತು ಮುಳುಗುವ ತನಕ ಹಾಗೆಯೇ ಕರೆಯುತ್ತಿದ್ದ. ಆ ವರ್ಷ ಜಾಲಿಹಟ್ಟಿಯವರೇ ಗೆದ್ದರು. ಊರಗೌಡ ಕಾಟಪ್ಪ ಬಂದು ಅವನ ಹೆಗಲು ಮುಟ್ಟಿ, “ಹುಲ್ಲು ನಮ್ದಾಯ್ತು ಕಣೋ, ಸಮಾಧಾನ ಮಾಡ್ಕೊ” ಎಂದನಂತೆ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದರೂ ಆ ಗೌಡನ ಮೇಲೆ ಸಿಟ್ಟು ಬರುವುದು ತಪ್ಪಿಲ್ಲ.

ಮರುವರ್ಷ ಎರಡೂ ಕಡೆಯವರು ದಿಣ್ಣೆ ಹತ್ತಿದಾಗ ಚಿತ್ತಯ್ಯ ಮೊದಲೇ ಅಲ್ಲಿ ಕುಳಿತಿದ್ದ. ಓಬಳನ ಕೋಲನ್ನು ದಿಣ್ಣೆಯ ನಡುನೆತ್ತಿಗೆ ಅಡ್ಡಲಾಗಿ ಇಟ್ಟಿದ್ದ. ಕಾಟಪ್ಪಗೌಡ, “ಎದ್ದು ಪಕ್ಕಕ್ಕೋಗೋ, ತೊಡಕಿನ ದಿನ ಹೆಣದಂಗೆ ಕುಂತವ್ನೆ” ಎಂದು ಗದರಿದ. “ಹೆಣ ಬೀಳೋದು ಬ್ಯಾಡ ಅಂತ್ಲೇ ಕುಂತಿರೋದು ಗೌಡ್ರೆ” ಎಂದ ಚಿತ್ತಯ್ಯ. ಸತ್ತವನ ಕೋಲು ತುಳಿಯುವುದಕ್ಕೆ ಯಾರಿಗೂ ಧೈರ್ಯವಾಗಲಿಲ್ಲ. ನೆರಳಕುಂಟೆಯ ಗುಂಪಿನಲ್ಲಿ ಆ ಪೆಟ್ಟು ಹೊಡೆದವನೂ ಇದ್ದ. ಅವನೂ ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ತನ್ನ ಕೋಲನ್ನು ಮೊದಲು ಕೆಳಗೆ ಹಾಕಿದವನು ಅವನೇ ಎನ್ನುತ್ತಾರೆ. ಆಗ ಚಿತ್ತಯ್ಯ ತನಗೆ ತೋಚಿದ್ದನ್ನು ಹೇಳಿದ. ಈ ಕೋಲಿನ ಆಚೆ ಅವರು, ಈಚೆ ಇವರು. ಒಬ್ಬೊಬ್ಬನೇ, ಬರಿಗೈಯಲ್ಲಿ, ಒಂದೇ ಉಸಿರಿನಲ್ಲಿ ಆಚೆ ಹೋಗಬೇಕು, ಮುಟ್ಟಬೇಕು, ಉಸಿರು ಕಡಿಯುವ ಮೊದಲು ಹಿಂದಿರುಗಬೇಕು. ಮುಟ್ಟಿಸಿಕೊಂಡವನು ಸತ್ತ, ಪಕ್ಕಕ್ಕೆ ಕುಳಿತುಕೊಳ್ಳಲಿ. ಆಚೆ ಹಿಡಿಸಿಕೊಂಡು ಉಸಿರು ಬಿಟ್ಟವನೂ ಸತ್ತ. ಎದುರಾಳಿಗಳಲ್ಲಿ ಒಬ್ಬ ಸತ್ತರೆ ನಮ್ಮಲ್ಲಿ ಸತ್ತವನೊಬ್ಬ ಏಳಲಿ.

“ಸತ್ತೋನು ಹೆಂಗೋ ಏಳ್ತಾನೆ?” ಎಂದು ಗೌಡ ನಕ್ಕ. “ಆಟ್ದಾಗಾದ್ರೂ ಏಳ್ಲಿ ಬಿಡ್ರಿ ಗೌಡ್ರೆ” ಎಂದು ಚಿತ್ತಯ್ಯ ಹೇಳಿದಾಗ ದಿಣ್ಣೆಯ ಬುಡದಲ್ಲಿ ನಿಂತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರಂತೆ. ಉಸಿರು ಕಡಿಯಿತೋ ಇಲ್ಲವೋ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಬಂತು. ಬಾಯಲ್ಲಿ ಏನನ್ನಾದರೂ ಬಿಡದೆ ಅನ್ನುತ್ತಿರಬೇಕು. ಏನನ್ನಲಿ ಎಂದು ಮೊದಲು ಹೊರಟವನು ಕೇಳಿದ. ಚಿತ್ತಯ್ಯ ಅದನ್ನು ಯೋಚಿಸಿಯೇ ಇರಲಿಲ್ಲ. ಒಂದು ವರ್ಷದಿಂದ ಅವನ ನಾಲಿಗೆಯ ಮೇಲೆ ಇದ್ದದ್ದೇ ಹೊರಬಂತು: “ಏಳು ಅನ್ನು. ಏಳೇಳೇಳೇಳು ಅಂತಾ ಇರು.” ಆ ಹುಡುಗ ಹಾಗೆಯೇ ಅಂದುಕೊಂಡು ಕೋಲು ದಾಟಿದ. ನಮ್ಮ ದಿಣ್ಣೆಯ ಮೇಲೆ ಈಗಲೂ ಕಬಡ್ಡಿ ಕಬಡ್ಡಿ ಎನ್ನುವುದಿಲ್ಲ, ಏಳೇಳೇಳೇಳು ಎನ್ನುತ್ತಾರೆ. ಈಚಿನವರು ಇದನ್ನು ಎಣಿಕೆಯ ಏಳು ಎಂದು ತಿಳಿದಿದ್ದಾರೆ. ತಂಡಕ್ಕೆ ಏಳು ಜನ ಇರುವುದು ಇದೇ ಕಾರಣಕ್ಕೆ ಎಂದು ಒಬ್ಬ ಮಹಾಶಯರು ವೇದಿಕೆಯ ಮೇಲೆ ಭಾಷಣವನ್ನೇ ಮಾಡಿದರು. ಅವರನ್ನು ತಿದ್ದಲು ಎದ್ದವನು ಹಾಗೆಯೇ ಕುಳಿತೆ. ಎಷ್ಟು ಜನರನ್ನು ತಿದ್ದುವುದು?

ಆ ವರ್ಷ ಯಾರೂ ಸಾಯಲಿಲ್ಲ. ಮಂಡಿ ತರಚಿತು, ಪಂಚೆ ಹರಿಯಿತು, ಅಷ್ಟೇ. ಹೊತ್ತು ಮುಳುಗುವಾಗ ನೆರಳಕುಂಟೆಯವರಲ್ಲಿ ಹೆಚ್ಚು ಜನ ಬದುಕಿದ್ದರು, ಹುಲ್ಲು ಅವರದಾಯಿತು. ಸೋತ ಜಾಲಿಹಟ್ಟಿಯವರು ಚಿತ್ತಯ್ಯನನ್ನೇ ಹೊತ್ತುಕೊಂಡು ಊರಿಗೆ ಬಂದರು. ಹೆಂಗಸರು ಅವನ ಕಾಲಿಗೆ ನೀರು ಹಾಕಿದರು. ಆದರೆ ಅದು ವರ್ಷತೊಡಕಿನ ದಿನ. ಅವತ್ತು ಹಿಡಿದದ್ದು ಬಿಡುವುದಿಲ್ಲವಲ್ಲ. ಸುದ್ದಿ ಸುತ್ತಮುತ್ತಲ ಹಳ್ಳಿಗಳಿಗೆ ಹಬ್ಬಿತು. ಬಂಡಿಜಾಡಿನ ತಕರಾರು, ಬಾವಿಯ ತಕರಾರು, ಹೋರಿಯ ತಕರಾರು, ಏನೇ ಇದ್ದರೂ “ಚಿತ್ತಯ್ಯ, ಬಂದು ಗೆರೆ ಹಾಕು” ಎಂದು ಕರೆ ಬರುತ್ತಿತ್ತು. ಗೆರೆಯ ಮೇಲೆ ನಿಂತು ಉಸಿರು ಕಡಿಯಿತೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುವ ಕೆಲಸಕ್ಕೆ ಅವನನ್ನು ಬಿಟ್ಟರೆ ಬೇರೆಯವರನ್ನು ಯಾವ ಊರೂ ಒಪ್ಪುತ್ತಿರಲಿಲ್ಲ. ಅವನ ಕುರಿಗಳು ಅಕ್ಕಪಕ್ಕದವರ ಪಾಲಾದವು. ತಡವಾಗಿ ಕೈಹಿಡಿದ ಹೆಂಡತಿ ಬೋರಕ್ಕ, “ಕಂಡೋರ ಮನೆ ಸತ್ತೋರ್ನೆಲ್ಲ ಎಬ್ಬಿಸ್ತೀಯಲ್ಲ, ಇಲ್ಲಿ ನಾನು ಬದುಕಿರೋದು ಕಾಣಾಕಿಲ್ವ?” ಎಂದು ಹಂಗಿಸುತ್ತಿದ್ದಳು. ಅವನು ನಕ್ಕು ಮತ್ತೆ ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಒಮ್ಮೆ ಜ್ವರದಲ್ಲಿ ಮಲಗಿದ್ದು ಒಂದು ಊರಿಗೆ ಹೋಗಲಾಗಲಿಲ್ಲ. ಅಲ್ಲಿಯವರು ಕಾದು ಬೇಸತ್ತು ಕೋಲು ತೆಗೆದರು. ಆಗಷ್ಟೇ ಮದುವೆಯಾಗಿದ್ದವನೊಬ್ಬ ಸತ್ತ. ಆಮೇಲೆ ಚಿತ್ತಯ್ಯ ಯಾವ ಕರೆಗೂ ಇಲ್ಲವೆನ್ನಲಿಲ್ಲ.

ಆಟವನ್ನು ಕಟ್ಟುವಾಗ ಅವನು ಒಂದನ್ನು ಮರೆತಿದ್ದ. ಸತ್ತವರು ಏಳುತ್ತಲೇ ಇರುವ ಆಟಕ್ಕೆ ಮುಗಿಯುವುದೆಂಬುದಿಲ್ಲ. ಮೊದಮೊದಲು ಹೊತ್ತು ಮುಳುಗಿದರೆ ಒಪ್ಪಿಕೊಂಡು ಮನೆಗೆ ಹೋಗುತ್ತಿದ್ದವರು, ಆಮೇಲೆ ನಮ್ಮವನು ಏಳುವವನಿದ್ದ, ನಮ್ಮವನೂ ಏಳುವವನಿದ್ದ ಎಂದು ಹಟ ಹಿಡಿದು ನಾಳೆಗೂ ನಾಡಿದ್ದಿಗೂ ಎಳೆಯತೊಡಗಿದರು. ಹುಲ್ಲಿನ ಮಾತೇ ಮರೆತುಹೋಯಿತು, ಗೆಲ್ಲುವುದೊಂದೇ ಉಳಿಯಿತು. ಗೆರೆಯ ಮೇಲೆ ನಿಂತವನ ಎರಡೂ ಕಿವಿಗೆ ದಿನವಿಡೀ ಏಳೇಳೇಳೇಳು ಎಂಬುದೇ ಬಡಿಯುತ್ತಿತ್ತು. ತಾನು ತಮ್ಮನನ್ನು ಕರೆದ ಕರೆ ಅದು. ಅದನ್ನು ಈಗ ಗೊತ್ತುಗುರಿಯಿಲ್ಲದ ನೂರು ಬಾಯಿಗಳು ಕರೆಯುತ್ತಿದ್ದವು. ಪ್ರತಿ ಸಲವೂ ಯಾರೋ ಒಬ್ಬ ಪಂಚೆಯ ಮಣ್ಣು ಕೊಡವಿಕೊಂಡು ಏಳುತ್ತಿದ್ದ, ಪ್ರತಿ ಸಲವೂ ಅವನು ಓಬಳನಾಗಿರುತ್ತಿರಲಿಲ್ಲ. ನಾನೂ ನನ್ನ ಕಾಲದಲ್ಲಿ ಬೇಕಾದಷ್ಟು ಪಂದ್ಯಗಳಿಗೆ ಸೀಟಿ ಊದಿದವನು. ಬಿಸಿಲಿನಲ್ಲಿ ನಿಂತ ಆಯಾಸ ನನಗೆ ಗೊತ್ತು. ಚಿತ್ತಯ್ಯನದು ಆ ಆಯಾಸವಲ್ಲ, ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಒಂದು ಯುಗಾದಿಯ ಹಿಂದಿನ ದಿನ ಅವನು ಎರಡೂ ಊರಿನ ಗೌಡರನ್ನು ಕೂಡಿಸಿ, ಆಟಕ್ಕೆ ಇನ್ನೊಂದೇ ಒಂದು ಕಟ್ಟಳೆ ಸೇರಿಸಿಕೊಳ್ಳಿ ಎಂದು ಕೇಳಿದ. ಆಡುವವರಲ್ಲಿ ಯಾವ ಕಡೆಯವನಾದರೂ ಸರಿ, ‘ಸಾಕು’ ಎಂದರೆ ಆಟ ಅಲ್ಲಿಗೇ ನಿಲ್ಲಬೇಕು; ಸೋಲಿಲ್ಲ, ಗೆಲುವಿಲ್ಲ, ಆ ವರ್ಷದ ಹುಲ್ಲು ಇಬ್ಬರಿಗೂ ಸಮನಾಗಿ ಹಂಚಿಕೆಯಾಗಬೇಕು. ಹಿರಿಯನ ಮಾತು ತೆಗೆದುಹಾಕಲಾರದೆ ಗೌಡರು ಹೂಂ ಎಂದರು. ಆದರೆ ತಮ್ಮ ಹುಡುಗರಿಗೆ ಹೇಳುವಾಗ, “ಸಾಕು ಅಂದೋನು ಸೀರೆ ಉಟ್ಕಂಡು ಮನೇಗ್ ಬರ್ಬೇಕು” ಎಂದು ಸೇರಿಸಿಯೇ ಹೇಳಿದರು. ಕಟ್ಟಳೆ ಇತ್ತು, ಆಡುವ ಬಾಯಿ ಇರಲಿಲ್ಲ. ಚಿತ್ತಯ್ಯ ಆ ಒಂದು ಮಾತಿಗಾಗಿ ಕಾಯತೊಡಗಿದ. ಯಾವನಾದರೂ ಒಬ್ಬ ಅದನ್ನು ಅಂದುಬಿಟ್ಟರೆ ಉಳಿದವರಿಗೂ ಅನ್ನುವುದು ಬರುತ್ತದೆ, ತನ್ನನ್ನು ಕರೆಯುವುದೂ ತಪ್ಪುತ್ತದೆ, ಬೋರಕ್ಕ ಬಿಸಿ ಮುದ್ದೆ ಕೊಟ್ಟರೆ ಅದನ್ನು ತಣ್ಣಗಾಗುವ ಮುಂಚೆ ಉಣ್ಣಬಹುದು. ಇಷ್ಟೇ ಅವನ ಆಸೆ. ವರ್ಷಗಳು ಕಳೆದವು, ಗಡ್ಡ ಬೆಳ್ಳಗಾಯಿತು, ಕಾಟಪ್ಪ ಹೋಗಿ ಅವನ ಮಗ ಗೌಡನಾದ. ಸೋತು ಸುಣ್ಣವಾದವರೂ ಹಲ್ಲು ಕಚ್ಚಿಕೊಂಡು ಏಳೇಳು ಎನ್ನುತ್ತಿದ್ದರೇ ಹೊರತು ಸಾಕು ಎನ್ನಲಿಲ್ಲ.

ಕಡೆಯ ವರ್ಷದ ತೊಡಕಿನ ದಿನ ಚಿತ್ತಯ್ಯನನ್ನು ಎರಡು ಕಡೆ ಹಿಡಿದು ದಿಣ್ಣೆ ಹತ್ತಿಸಿದರು. ಕಿವಿ ಮಾತ್ರ ಚುರುಕಾಗಿತ್ತು. ಆಟ ಮಧ್ಯಾಹ್ನ ದಾಟಿತು. ನೆರಳಕುಂಟೆಯ ಕಡೆ ಎಲ್ಲರೂ ಸತ್ತು ಒಬ್ಬನೇ ಹುಡುಗ ಉಳಿದಿದ್ದ. ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಅವನು ಗೆರೆ ದಾಟಿ ಬಂದು ಒಬ್ಬನನ್ನು ಮುಟ್ಟಿ ತಿರುಗಿದಾಗ ಜಾಲಿಹಟ್ಟಿಯವರು ಕಾಲು ಹಿಡಿದು ಕೆಡವಿ ಮೇಲೆ ಬಿದ್ದರು. ಗೆರೆ ಅವನ ಬೆರಳಿಗೆ ಗೇಣು ದೂರದಲ್ಲಿತ್ತು. ಅಷ್ಟೂ ಜನರ ಭಾರದ ಕೆಳಗಿಂದ ಹುಡುಗ ಏಳೇಳೇಳು ಎನ್ನುತ್ತಲೇ ಇದ್ದ. ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು, ಕಣ್ಣು ಮೇಲೆ ಹೋಯಿತು. ಉಸಿರು ಬಿಡಲೊಲ್ಲ, ಮೇಲಿದ್ದವರು ಅವನನ್ನು ಬಿಡಲೊಲ್ಲರು. ಎರಡೂ ಕಡೆಯವರು ಕೇಕೆ ಹಾಕುತ್ತಿದ್ದರು. ಗೆರೆಯ ಮೇಲಿದ್ದ ಮುದುಕ ಬಗ್ಗಿ ಆ ಹುಡುಗನ ಮುಖ ನೋಡಿದ. ತೊಡೆಯ ಮೇಲೆ ಒಮ್ಮೆ ಹಿಡಿದಿದ್ದ ಮುಖವೇ ಅದು ಎಂದು ಅವನಿಗೆ ಅನ್ನಿಸಿರಬೇಕು. ಹಟ ಮಾಡುವ ಕೂಸಿಗೆ ಹೇಳುವಂತೆ ಅವನ ತಲೆ ನೇವರಿಸಿ, “ಸಾಕಪ್ಪ” ಎಂದ. ಇನ್ನೊಂದು ಸಲ, “ಸಾಕಪ್ಪಾ, ಸಾಕು” ಎಂದು ಗೆರೆಯ ಮೇಲೆಯೇ ಕುಳಿತುಬಿಟ್ಟ.

ಕೇಕೆ ನಿಂತಿತು. ಮೇಲೆ ಬಿದ್ದವರು ತಾವಾಗಿ ಎದ್ದರು, ಹುಡುಗ ಬಾಯಿ ತೆರೆದು ಉಸಿರೆಳೆದುಕೊಂಡ. ಸಾಕು ಎಂದವರು ಯಾವ ಕಡೆಯವರು ಎಂದು ಹೊಸ ಗೌಡ ಕೇಳಿದನಂತೆ. ಅಂದವನು ಗೆರೆಯ ಮೇಲಿದ್ದವನು, ಆ ಕಡೆಯವನೂ ಅಲ್ಲ, ಈ ಕಡೆಯವನೂ ಅಲ್ಲ; ಸೀರೆ ಉಡಿಸುವುದು ಯಾರಿಗೆ? ಆ ವರ್ಷದ ಹುಲ್ಲು ಸಮಪಾಲಾಯಿತು. ಇಷ್ಟೆಲ್ಲ ಮಾತು ಮುಗಿದು ಚಿತ್ತಯ್ಯನ ಕಡೆ ತಿರುಗಿದರೆ ಅವನು ತಲೆ ಬಗ್ಗಿಸಿ ಹಾಗೆಯೇ ಕುಳಿತಿದ್ದ. “ಏಳಜ್ಜ, ಮನೇಗ್ ಹೋಗಾನ” ಎಂದ ಆ ಹುಡುಗ. ಇನ್ನೊಬ್ಬ ಕರೆದ. ಆಮೇಲೆ ಎರಡೂ ಊರಿನವರು ಸುತ್ತುವರಿದು ಏಳಜ್ಜ, ಏಳು, ಏಳು ಎಂದು ಕೂಗಿದರು. ಈ ಕಡೆಯವನ ಉಸಿರು ಕಡಿದರೆ ಆ ಕಡೆಯವನು ಕೂಗನ್ನು ಹಿಡಿಯುತ್ತಿದ್ದ. ಯಾರು ಯಾವ ಊರಿನವರೆಂಬುದು ಅವರಿಗೂ ತಿಳಿಯಲಿಲ್ಲ ಎನ್ನುತ್ತಾರೆ. ಕಡೆಗೆ ದಿಣ್ಣೆಯ ಬುಡದಿಂದ ಬೋರಕ್ಕ ಮೇಲೆ ಬಂದಳು. ಗಂಡನ ಎದೆಯ ಮೇಲೆ ಕೈಯಿಟ್ಟು ನೋಡಿದಳು. “ಬಿಡ್ರಪ್ಪ,” ಎಂದಳು. “ಇಷ್ಟು ವರ್ಷ ಎದ್ದೂ ಎದ್ದೂ ಸಾಕಾಗೈತೆ ಅವನ್ಗೆ. ಕೂಗ್ಬ್ಯಾಡ್ರಿ.”

ಅವನನ್ನು ಕುಳಿತಿದ್ದ ಹಾಗೆಯೇ ಅಲ್ಲೇ ಪಕ್ಕಕ್ಕೆ ಮಣ್ಣು ಮಾಡಿ, ಗುರುತಿಗೆ ಆ ಗುಂಡುಕಲ್ಲು ಇಟ್ಟರು. ಆಟ ನೋಡಲು ದೂರದಿಂದ ಬಂದಿದ್ದವರು ತಮ್ಮೂರಿಗೆ ಹೋಗಿ ‘ಸಾಕಪ್ಪ ಅಂದೋನ ದಿಣ್ಣೆ’ ಎಂದು ಹೇಳಿದರು. ಬಾಯಿಂದ ಬಾಯಿಗೆ ಹೋಗುತ್ತ ನಡುವಿನ ಮಾತು ಸವೆದು ಸಾಕಪ್ಪನ ದಿಣ್ಣೆಯಾಯಿತು. ಚಿತ್ತಯ್ಯನ ಹೆಸರು ಬೋರ್ಡಿನಲ್ಲೂ ಇಲ್ಲ, ಮಂಗಳಾರತಿಯಲ್ಲೂ ಇಲ್ಲ. ಇನ್ನು ಕೂಸು ಎತ್ತಿಕೊಂಡು ಬರುವ ತಾಯಂದಿರಿಗೆ ನಾನು ಈಗೀಗ ಎದುರು ಹೇಳುವುದನ್ನು ಬಿಟ್ಟಿದ್ದೇನೆ. ತಾಯಿಯಿಲ್ಲದ ಕೂಸನ್ನು ಕಂಬಳಿಯಲ್ಲಿ ಹೊತ್ತು ಸಾಕಿದವನೇ ಅಲ್ಲವೇ ಅವನು? ಹೆಸರು ತಪ್ಪಾದರೂ ಅವರು ಬಂದು ನಿಂತಿರುವುದು ಸರಿಯಾದ ಜಾಗದಲ್ಲಿಯೇ.

ವರ್ಷತೊಡಕಿನ ದಿನ ಇಲ್ಲಿ ಇಂದಿಗೂ ಪಂದ್ಯ ನಡೆಯುತ್ತದೆ. ಗಾವಲೆಲ್ಲ ಹೊಲವಾಗಿ, ಹೊಲದಲ್ಲಿ ಗಾಳಿಯಂತ್ರಗಳು ಎದ್ದು ಹುಲ್ಲಿನ ತಕರಾರು ಯಾರಿಗೂ ಉಳಿದಿಲ್ಲ. ಬೇರೆ ಕಡೆ ತೀರ್ಪುಗಾರ ಓಡಾಡುತ್ತಾನೆ. ಇಲ್ಲಿ ನಡುಗೆರೆಯ ತುದಿಯಲ್ಲಿ ನೆಲದ ಮೇಲೆ ಕುಳಿತಿರುತ್ತಾನೆ. ಅವನು “ಸಾಕಪ್ಪ” ಎಂದರೆ ಅಂಕ ಎಷ್ಟಿದ್ದರೂ ಆಟ ಮುಗಿದಂತೆ. ಆಗ ಎರಡೂ ತಂಡದವರು ಬಂದು ಅವನ ಸುತ್ತ ನಿಂತು, ಒಂದೇ ಉಸಿರಿನಲ್ಲಿ ಏಳೇಳೇಳೇಳು ಎಂದು ಕರೆಯುತ್ತಾರೆ. ಕೆಲವು ವರ್ಷಗಳಿಂದ ಆ ಜಾಗದಲ್ಲಿ ನನ್ನನ್ನು ಕೂರಿಸುತ್ತಿದ್ದಾರೆ. ನಿಜ ಹೇಳುತ್ತೇನೆ, ಅವರು ಕರೆಯುವಾಗ ನನಗೆ ಏಳಬೇಕು ಎನಿಸುವುದಿಲ್ಲ. ಮಣ್ಣು ಬೆಚ್ಚಗಿರುತ್ತದೆ, ಮಂಡಿ ನೋಯುತ್ತಿರುತ್ತದೆ, ಕಣ್ಣು ಮುಚ್ಚಿದರೆ ಹಾಯೆನಿಸುತ್ತದೆ. ಕೂಗುತ್ತಿದ್ದವರ ದನಿ ಒಂದು ಗಳಿಗೆ ಬದಲಾಗುತ್ತದೆ. ಆಟದ ಕರೆ ಹೋಗಿ ನಿಜವಾದ ಕರೆಯಾಗುತ್ತದೆ. ಯಾವನೋ ಹುಡುಗ, “ಸಾರ್, ಏಳಿ ಸಾರ್” ಎಂದು ಅಳುದನಿಯಲ್ಲಿ ಅನ್ನುತ್ತಾನೆ. ಆಗ ನೆಲಕ್ಕೆ ಕೈಯೂರಿ ಏಳುತ್ತೇನೆ. ನಾನು ಎದ್ದು ನಿಂತಾಗ ಎರಡೂ ಕಡೆಯವರು ಒಟ್ಟಿಗೆ ಬಿಡುವ ಉಸಿರು ದಿಣ್ಣೆಯ ಕೆಳಗೆ ನಿಂತವರಿಗೂ ಕೇಳಿಸುತ್ತದೆ. ಅದನ್ನು ಕೇಳಬೇಕೆನ್ನುವವರು ಯುಗಾದಿಯ ಮಾರನೆಯ ದಿನ ಬರಬಹುದು.